ತಂಬ್ರಹಳ್ಳಿ ಅಜ್ಜಿ, ಎರಡು ಹನಿ

ಪೋಲಿಯೊ ಭಾನುವಾರ ಬಂತೆಂದರೆ ನನಗೆ ಏನಾದರೊಂದು ಆಗದೆ ಇರುವುದಿಲ್ಲ. ನರ್ಸಮ್ಮನ ಕೆಲಸ, ಕೂತಲ್ಲೇ ಕನಸು ಕಾಣುವ ಸ್ವಭಾವ. ಇನ್ನೇನಾದೀತು!

ಬಸ್ಸಿನಲ್ಲಿ

ಹಗರಿಬೊಮ್ಮನಹಳ್ಳಿಯಿಂದ ತಂಬ್ರಹಳ್ಳಿಗೆ ಬೆಳಗಿನ ಬಸ್ಸು. ತೊಡೆಯ ಮೇಲೆ ಲಸಿಕೆಯ ಐಸ್ ಡಬ್ಬಿ, ಕಿಟಕಿಯಾಚೆ ಮಂಜು ಕವಿದ ಜೋಳದ ಹೊಲ. ಹಿತವಾದ ಜೋಂಪು ಹತ್ತಿತು. ಕನಸಿನಲ್ಲಿ ಊರ ಮಕ್ಕಳೆಲ್ಲ ಗುಬ್ಬಿಮರಿಗಳ ಹಾಗೆ ಬಾಯಿ ತೆರೆದು ಸಾಲಾಗಿ ಕೂತಿದ್ದವು. ಒಂದು ಮಾತ್ರ ಬಾಯಿ ಬಿಗಿಹಿಡಿದಿತ್ತು. ಅದರ ಗಲ್ಲ ಒತ್ತಿ, "ಬಾಯಿ ತಗಿ ಕಂದಾ" ಅಂದೆ. ಕಣ್ಣು ಬಿಟ್ಟರೆ, ನನ್ನ ಕೈಯಲ್ಲಿ ಟಿಕೆಟ್ ಕೇಳಲು ಬಗ್ಗಿದ್ದ ಕಂಡಕ್ಟರನ ಗಲ್ಲ!

"ಸಿಸ್ಟರ್, ನನಗ ಐದು ವರ್ಷ ದಾಟಿ ಭಾಳ ದಿನ ಆತ್ರಿ!"

ಜೋಳದ ಚೀಲದ ಹಿಂದೆ

ಆ ಊರಲ್ಲೊಬ್ಬ ಅಜ್ಜಿ. ಒಬ್ಬನೇ ಮೊಮ್ಮಗ, ಎರಡು ವರ್ಷದವನು. ಹನಿ ಹಾಕಿಸಿದರೆ ದೊಡ್ಡವನಾದ ಮೇಲೆ ಮಕ್ಕಳಾಗುವುದಿಲ್ಲ ಎಂದು ಯಾರೋ ಆಕೆಯ ಕಿವಿ ಊದಿದ್ದರು. ಅದೇ ಓಣಿಯಲ್ಲಿ ಪೋಲಿಯೊ ಬಂದು ಕಾಲೆಳೆದು ನಡೆಯುವ ಹುಡುಗಿಯೊಬ್ಬಳಿದ್ದಳು. ಅವಳನ್ನು ಕಂಡಾಗಲೆಲ್ಲ ನನಗೆ ಈ ಮಗುವಿನದೇ ನೆನಪು. ಅವತ್ತು ಬೂತಿಗೆ ಬಾರದ್ದಕ್ಕೆ ಅಜ್ಜಿಯ ಮನೆಗೇ ಹೋದೆ.

"ಹುಡುಗ ಉಜ್ಜಿನಿಗೆ ಹೋಗ್ಯಾನವ್ವ" ಅಂದಳು ಅಜ್ಜಿ. ಜೋಳದ ಚೀಲಗಳ ಹಿಂದಿನಿಂದ ಕಿಲಕಿಲ ನಗು ಕೇಳಿಸಿತು.

"ಅಜ್ಜಿ, ಪೋಲಿಯೊ ಅಂದ್ರ ಕಣ್ಣಿಗೆ ಕಾಣದ ವೈರಸ್ಸು. ಬಂದ ಮ್ಯಾಲ ಏನೂ ಮಾಡಾಕ ಬರಂಗಿಲ್ಲ."

"ಕಣ್ಣಿಗೆ ಕಾಣದ್ದು ಐತಿ ಅಂದ್ರ ನಾ ನಂಬಬೇಕು. ಮೊಮ್ಮಗ ಮನ್ಯಾಗಿಲ್ಲ ಅಂದ್ರ ನೀ ನಂಬಂಗಿಲ್ಲ. ಇದ್ಯಾವ ನ್ಯಾಯನವ್ವ?"

ಬೆರಳಿನ ಗುರುತು

ಮರುದಿನ ಹನಿ ಬೀಳದೆ ಉಳಿದ ಮಕ್ಕಳನ್ನು ಹುಡುಕಿಕೊಂಡು ಹೋದರೆ, ಅಜ್ಜಿಯೇ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಕೊಟ್ಟೂರಾಗ ಹಾಕಿಸೀವಿ. ಗುರುತು ನೋಡು."

ಪುಟ್ಟ ತೋರುಬೆರಳಿಗೆ ಕಪ್ಪು ಮಸಿ! ಹನಿ ಹಾಕಿದರೆ ನಾವು ಗುರುತು ಹಚ್ಚುವುದು ಕಿರುಬೆರಳಿಗೆ.

"ಅಯ್ಯ ಅಜ್ಜಿ, ಇದು ಓಟು ಹಾಕಿದ ಬೆರಳು! ಯಾವ ಪಾರ್ಟಿಗೆ ಹಾಕಿ ಬಂದಾನ ನಿಮ್ಮ ಮೊಮ್ಮಗ?"

ಅಜ್ಜಿಗೆ ನಕ್ಕು ನಕ್ಕು ಕೆಮ್ಮು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು: "ನಿನ್ನ ಮಕ್ಕಳಿಗೆ ಹಾಕೀಯೇನವ್ವ?"

"ನನ್ನ ಮಗಳಿಗೆ ಈ ಕೈಯಿಂದನ ಹಾಕೀನಿ ಅಜ್ಜಿ."

ಅಜ್ಜಿ ಮಗುವನ್ನು ನನ್ನತ್ತ ತಿರುಗಿಸಿದಳು. ಆಮೇಲೆ ಮಗುವಿನ ಗಲ್ಲ ತಾನೇ ಒತ್ತಿ ಹಿಡಿದಳು. ಎರಡು ಹನಿ ಬಿದ್ದವು. ನನಗೆ ಅಳುವೇ ಬಂದುಬಿಟ್ಟಿತು.

ಮುಂದಿನ ವರ್ಷ ಬೂತ್ ತೆರೆಯುವ ಮೊದಲೇ ಅಜ್ಜಿ ಹಾಜರು. ಆದರೆ ಐಸ್ ಡಬ್ಬಿ ಕಂಡದ್ದೇ ತಡ, ಮೊಮ್ಮಗ ಕೈ ಕೊಸರಿಕೊಂಡು ಓಟ ಕಿತ್ತ. ಅಜ್ಜಿ ನಾಲ್ಕು ಹೆಜ್ಜೆ ಬೆನ್ನಟ್ಟಿ, ಸೊಂಟ ಹಿಡಿದು ನಿಂತು ನನ್ನ ಕಡೆ ತಿರುಗಿ ಕೂಗಿದಳು:

"ಕಾಲು ಗಟ್ಟಿ ಮಾಡಿದಾಕಿ ನೀನ ಅಲ್ಲೇನು? ಹೋಗು, ನೀನ ಹಿಡಕೊಂಡು ಬಾ!"