ಸಕ್ಕರೆ ಸೈನ್ಯದ ಸಂಹಾರ

ನಾಲ್ಕು ವರ್ಷದ ನನ್ನ ಮಗಳು ಕಸ್ತೂರಿಗೆ ಸಕ್ಕರೆ ಕಾಯಿಲೆ ಬಂದೇಬಿಟ್ಟಿದೆ ಎಂಬ ಚಿಂತೆ ನನ್ನನ್ನು ಬಿಟ್ಟು ಹೋಗಲೊಲ್ಲದು. ಹುಬ್ಬಳ್ಳಿಯಲ್ಲಿರುವ ನನ್ನಪ್ಪನಿಗೆ ಅದೇ ಕಾಯಿಲೆ. ಹೋದ ವರ್ಷ ಕಾಲಿನ ಹೆಬ್ಬೆರಳು ತೆಗೆಯಬೇಕಾಯಿತು. ಹಾಗಿರುವಾಗ ಹಿರೇಕೆರೂರಿನ ಈ ಮನೆಯಲ್ಲಿ ಕೂಸು ಅತ್ತರೆ ಸಕ್ಕರೆ, ನಕ್ಕರೆ ಸಕ್ಕರೆ, ಬಿದ್ದರೆ ಮೊಣಕಾಲಿಗೆ ಅರಿಷಿಣ, ಬಾಯಿಗೆ ಸಕ್ಕರೆ.

"ಅತ್ತೀ, ಕೊಡಬ್ಯಾಡ್ರಿ. ಹಲ್ಲಿಗೆ ಹುಳಾ ಬೀಳ್ತಾವು."

"ಹಾಲಹಲ್ಲು ಹೆಂಗಾದ್ರೂ ಬೀಳೂವ ಅಲ್ಲೇನು?" ಎಂದರು ಅತ್ತೆ ಶಾರವ್ವ. "ನಿನ್ನ ಗಂಡನ್ನ ಸಕ್ಕರಿ ತಿನ್ನಿಸೇ ಬೆಳಸೇನಿ. ಏನಾಗೇತಿ ಅವಂಗ?"

(ಏನಾಗಿದೆ ಎಂದು ಹೇಳಬಹುದಿತ್ತು.)

ಅಷ್ಟರಲ್ಲಿ ಗೌರಿ ಹುಣ್ಣಿಮೆ ಬಂತು. ಅಚ್ಚಿನಲ್ಲಿ ಎರೆದ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಹುಡುಗಿಯರು ಗೌರಿಗೆ ಆರತಿ ಬೆಳಗುವ ಹಬ್ಬ. ಬೆಳಗಿದ ಮೇಲೆ ಗೊಂಬೆಗಳ ಗತಿ ಏನೆಂದು ಹೇಳಬೇಕಿಲ್ಲ. ನೆಂಟರು, ನೆರೆಯವರು ಕೊಟ್ಟದ್ದೆಲ್ಲ ಸೇರಿ ಕಸ್ತೂರಿಯ ಬಳಿ ಆನೆ, ಕುದುರೆ, ಒಂಟೆಗಳ ಚತುರಂಗ ಸೈನ್ಯವೇ ನೆರೆಯಿತು. ನಾನು ಸೈನ್ಯವನ್ನು ಸೆರೆಹಿಡಿದು ಡಬ್ಬಿಗೆ ತುಂಬಿದೆ.

ಆದರೂ ಅಜ್ಜಿಯ ಕೃಪೆಯಿಂದ ದಿನಕ್ಕೊಂದು ಪ್ರಾಣಿ ಹೊರಬೀಳುತ್ತಿತ್ತು. ಕೂಸಿನ ಕೈಯಿಂದ ಕಿತ್ತುಕೊಂಡ ಆನೆಯ ಸೊಂಡಿಲನ್ನು ಏನು ಮಾಡಲಿ? ದೇವರ ಮುಂದಿಟ್ಟದ್ದು, ತಿಪ್ಪೆಗೆಸೆದರೆ ಅತ್ತೆ ನನ್ನನ್ನೂ ಅಲ್ಲಿಗೇ ಎಸೆದಾರು. ಡಬ್ಬಿಗೆ ಹಾಕಲು ಎಂಜಲು. ಉಳಿದ ಸುರಕ್ಷಿತ ಸ್ಥಳ ನನ್ನ ಬಾಯಿಯೊಂದೇ. ಹೀಗೆ ಮಾತೃತ್ಯಾಗದ ಮಾರ್ಗವಾಗಿ ಇಡೀ ಸೈನ್ಯ ನನ್ನ ಉದರದಲ್ಲಿ ವೀರಸ್ವರ್ಗ ಸೇರಿತು. ಇತ್ತೀಚೆಗೆ ನನಗೆ ದಣಿವು, ತಾಳಲಾರದ ನೀರಡಿಕೆ. ಮಗಳ ಚಿಂತೆ ಹಚ್ಚಿಕೊಂಡವಳಿಗೆ ಇನ್ನೇನಾದೀತು?

ಕೊನೆಗೆ ಅಪ್ಪನಿಂದ ಪರೀಕ್ಷೆಯ ಸಾಮಾನು ತರಿಸಿದೆ: ಗಾಜಿನ ನಳಿಕೆ, ಸ್ಪಿರಿಟ್ ದೀಪ, ನೀಲಿ ಔಷಧ. ಔಷಧದಲ್ಲಿ ಕೆಲವು ಹನಿ ಮೂತ್ರ ಹಾಕಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಕ್ಷೇಮ. ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಸಕ್ಕರೆ.

ಕಸ್ತೂರಿಯದು ಕುದಿಸಿದೆ. ನೀಲಿ. ನಂಬಿಕೆಯಾಗದೆ ಮತ್ತೆ ಕುದಿಸಿದೆ. ನೀಲಿ. ಅತ್ತೆ ತಾವಾಗಿಯೇ ಮುಂದೆ ಬಂದರು. ಅವರದೂ ನೀಲಿ.

"ಔಷಧಾನ ಕೆಟ್ಟೈತ್ರಿ," ಎಂದೆ.

"ಹಂಗಾರ ನಿಂದೂ ಒಂದೀಟು ಕುದಸು, ನೋಡೂಣು."

ಔಷಧ ಕೆಟ್ಟಿದೆ ಎಂದು ಸಾಧಿಸಲೆಂದೇ ಕುದಿಸಿದೆ. ಹಸಿರಾಯಿತು, ಹಳದಿಯಾಯಿತು, ದೀಪ ಆರಿಸುವಷ್ಟರಲ್ಲಿ ಅಪ್ಪಟ ಇಟ್ಟಂಗಿ. ಔಷಧ ಚೆನ್ನಾಗಿಯೇ ಇತ್ತು.

ಅತ್ತೆ ನಗಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. "ಡಾಕ್ಟರಿಗೆ ಫೋನ್ ಹಚ್ಚವಾ," ಎಂದರು ಮೆತ್ತಗೆ. ಇಂದು ಅಮಾವಾಸ್ಯೆ, ನಾಳೆ ಸಂತೆ ಎಂದು ನಾನು ಮುಂದೂಡುತ್ತ ಹೋದೆ. ಕಸ್ತೂರಿಗೆ ಒಂದು ಸೀನು ಬಂದರೆ ಬಸ್ಸು ಹತ್ತುತ್ತಿದ್ದವಳು ನಾನೇ.

ಕಡೆಗೆ ಗಂಡ ಪರಮೇಶಪ್ಪ ತಾವು ಲೆಕ್ಕ ಬರೆಯುವ ಹತ್ತಿ ಅಂಗಡಿಗೆ ಕರೆದೊಯ್ದು ಫೋನಿನ ಮುಂದೆ ಕೂಡಿಸಿದರು. ಹಾವೇರಿಯ ದವಾಖಾನೆಯಲ್ಲಿ ಕಂಪೌಂಡರ್ ಹಯಾತ ಎತ್ತಿಕೊಂಡ.

"ನಾನ್ರಿ, ಹಿರೇಕೆರೂರಿಂದ..."

"ದನೀ ಗೊತ್ತಾತ್ರಿ ಅಕ್ಕಾರ! ಕಸ್ತೂರಿ ಚೀಟಿ ಮಾಡಿಡ್ಲ್ಯಾ? ಈ ಸಲ ಏನಾಗೇತ್ರಿ ಆಕಿಗೆ?"

"ಆಕಿಗೇನೂ ಆಗಿಲ್ಲಪಾ. ಚೀಟಿ ಆಕಿ ಅವ್ವನ ಹೆಸರಿಲೆ ಬರಿ."

"ಯಾರ ಹೆಸರಿಲೆ? ಕೇಳವಲ್ದು, ಜೋರ ಹೇಳ್ರಿ!"

"ನನ್ನ ಹೆಸರಿಲೆ! ಸಕ್ಕರಿ ಬ್ಯಾನಿ ನನಗ ಬಂದೈತಿ!"

ಹತ್ತಿ ಅಂಡಿಗೆ ಹೊರುತ್ತಿದ್ದ ಹಮಾಲರೆಲ್ಲ ನಿಂತು ನನ್ನತ್ತ ತಿರುಗಿದರು.

"ನಾಳೆನ ಬರ್ರಿ ಅಕ್ಕಾರ, ಅಂಜಬ್ಯಾಡ್ರಿ," ಎಂದ ಹಯಾತ. "ಈ ಸಲ ಕೂಸನ್ನ ಮನ್ಯಾಗ ಬಿಟ್ಟು ಬರ್ರಿ, ಪಾಪ."