ಜಿರಳೆ ನಿರ್ಮೂಲನೆಗಾಗಿ ಡ್ಯಾಡಿಗೆ ರಜೆ ಮಂಜೂರು ಮಾಡುವ ಬಗ್ಗೆ

ಇಂದ,
ರೀಮಾ, ಬಿ.ಕಾಂ. ಎರಡನೇ ವರ್ಷ,
ಸ್ಟೋರ್‌ಕೀಪರ್ ಬೆನ್ನಿಯವರ ಮಗಳು,
ಕುಂಬಳೆ, ಕಾಸರಗೋಡು ಜಿಲ್ಲೆ.

ಗೆ,
ಶ್ರೀ ಹರಿನಾಥ ಅವರು,
ಮ್ಯಾನೇಜರ್, ಗೋದಾಮು ವಿಭಾಗ
(ರಜೆ ಕೊಡುವವರೂ ಕೊಡದಿರುವವರೂ ಇವರೇ),
ದೋಹಾ, ಕತಾರ್.

ವಿಷಯ: ಕುಂಬಳೆಯ ಅಡುಗೆಮನೆಯೊಂದರಲ್ಲಿ ಜಿರಳೆ ನಿರ್ಮೂಲನೆ ಮಾಡುವ ಸಲುವಾಗಿ ಬೆನ್ನಿಯವರಿಗೆ ಒಂದು ತಿಂಗಳ ರಜೆ ನೀಡುವ ಕುರಿತು.

ಉಲ್ಲೇಖ: 1. ಬೆನ್ನಿಯವರ ರಜೆ ಅರ್ಜಿಗಳು ಮತ್ತು ಅವುಗಳಿಗೆ ತಾವು ನೀಡಿದ "ಮುಂದಿನ ತಿಂಗಳು ನೋಡುವ" ಎಂಬ ಉತ್ತರಗಳು.
2. ನಿನ್ನೆ ಸಕ್ಕರೆ ಡಬ್ಬಿಯಲ್ಲಿ ದೊರೆತ ಜಿರಳೆ (ಜೀವಂತ).

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳಾದ ರೀಮಾಳ ನಿವೇದನೆ ಹೀಗಿದೆ. ತಾವು ಪುತ್ತೂರು ಕಡೆಯವರೆಂದು ಡ್ಯಾಡಿ ಹೇಳಿರುವ ಕಾರಣ ಅರ್ಜಿ ಕನ್ನಡದಲ್ಲಿದೆ. ಮನೆಯಲ್ಲಿ ಮಾತು ನಡೆದದ್ದು ಹೆಚ್ಚಾಗಿ ಕೊಂಕಣಿಯಲ್ಲಿ. ಬೈಗುಳ ಬಿಟ್ಟು ಉಳಿದದ್ದನ್ನು ಕನ್ನಡಕ್ಕೆ ತರಲಾಗಿದೆ. "ಅರ್ಜೆಂಟ್ ಆದರೆ ಮಾತ್ರ" ಎಂದು ಡ್ಯಾಡಿ ಕೊಟ್ಟಿದ್ದ ತಮ್ಮ ನಂಬರಿಗೆ ಇದನ್ನು ವಾಟ್ಸಾಪ್ ಮಾಡಲಾಗುತ್ತಿದೆ. ಸಕ್ಕರೆ ಡಬ್ಬಿಯವರೆಗೆ ಬಂದ ಮೇಲೆ ಅರ್ಜೆಂಟ್ ಎಂದೇ ಅರ್ಜಿದಾರಳ ಅಭಿಪ್ರಾಯ. ಜಿರಳೆಗೂ ರಜೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಅದು ಮೂರನೇ ಅಂಶದಲ್ಲಿದೆ. ನೇರ ಅಲ್ಲಿಗೆ ಹಾರಬಾರದು.

1. ಗುರುತಿಸುವಿಕೆ.

ಊರಿನ ಜಿರಳೆ ದೊಡ್ಡದು, ಕೆಂಪು ಛಾಯೆಯ ಕಂದು ಬಣ್ಣ. ಅದು ಹಾರುತ್ತದೆ, ಹಾರಿದರೆ ಹೆದರುವವರ ಮೇಲೆಯೇ ಬಂದು ಕೂರುತ್ತದೆ. ಅದಕ್ಕೆ ಪೊರಕೆ ಸಾಕಿತ್ತು. ಆದರೆ ಒಂದು ವರ್ಷದಿಂದ ಬೇರೆ ಜಾತಿಯದು ಕಾಣಿಸಿಕೊಂಡಿದೆ: ಉಗುರಿನಷ್ಟೇ ಗಾತ್ರ, ಚಹಾದ ಬಣ್ಣ, ಹಾರುವುದಿಲ್ಲ, ಓಡಿದರೆ ಸಿಗುವುದಿಲ್ಲ. ಒಂದನ್ನು ಅರ್ಜಿದಾರಳು ಉಪ್ಪಿನಕಾಯಿ ಬಾಟಲಿಯಲ್ಲಿ ಬಂಧಿಸಿ, ಝೂವಾಲಜಿ ಓದುವ ಗೆಳತಿ ಸೌಮ್ಯಶ್ರೀಯನ್ನು ಮನೆಗೆ ಕರೆಸಿದಳು.

"ಇದು ಲೋಕಲ್ ಅಲ್ಲ ಮಾರಾಯ್ತಿ. ತಲೆಯ ಹಿಂದೆ ಎರಡು ಕಪ್ಪು ಗೆರೆ ಉಂಟಲ್ಲ? ಇದು ಜರ್ಮನ್ ಜಿರಳೆ."

ಅರ್ಜಿದಾರಳ ತಾಯಿ ಆನಿ (ಮುಂದಕ್ಕೆ "ಮಮ್ಮಿ" ಎನ್ನಲಾಗುವುದು) ಒಲೆಯ ಮುಂದಿನಿಂದಲೇ, "ಜರ್ಮನಿಯಲ್ಲಿ ನಮಗೆ ಯಾರಿದ್ದಾರೆ? ನಮ್ಮದೆಲ್ಲ ಗಲ್ಫ್" ಎಂದರು.

"ಹೆಸರು ಮಾತ್ರ ಜರ್ಮನ್ ಆಂಟಿ. ರಟ್ಟಿನ ಬಾಕ್ಸಿನ ಪದರದೊಳಗೆ ಕೂತು ಎಲ್ಲಿಂದ ಬೇಕಾದ್ರೂ ಬರ್ತದೆ. ಮೊಟ್ಟೆಯ ಚೀಲವನ್ನು ಹಿಂದೆ ಸಿಕ್ಕಿಸಿಕೊಂಡೇ ತಿರುಗುವುದು ತಾಯಿ, ಮರಿ ಆಗುವವರೆಗೆ."

ಮಮ್ಮಿ ಅರ್ಜಿದಾರಳನ್ನು ಮೇಲಿನಿಂದ ಕೆಳಗೆ ನೋಡಿ, "ಮರಿ ಆದ ಮೇಲೆ ಅದಕ್ಕೆ ಬಿಡುಗಡೆ ಉಂಟು" ಎಂದು ನಿಟ್ಟುಸಿರುಬಿಟ್ಟರು.

ಆದ್ದರಿಂದ ಸದರಿ ಜಿರಳೆಗಳು ಹೆಸರಿಗೆ ಜರ್ಮನ್, ಬಂದದ್ದು ಕತಾರಿನಿಂದ, ಕಾಯಂ ವಿಳಾಸ ಕುಂಬಳೆ ಎಂದು ತೀರ್ಮಾನಿಸಲಾಯಿತು. ವೀಸಾ ಪರಿಶೀಲಿಸಿಲ್ಲ.

2. ಕೈಗೊಂಡ ಕ್ರಮಗಳು.

ವಿಷದ ಚಾಕ್‌ಪೀಸಿನಿಂದ ಗೆರೆ ಎಳೆಯಲಾಯಿತು. ಜಿರಳೆಗಳು ದಾಟಿದವು, ಕಾಲಿಗೆ ಹತ್ತುತ್ತದೆಂದು ಮಮ್ಮಿ ದಾಟಲಿಲ್ಲ, ಆದಕಾರಣ ಆ ದಿನ ಮಧ್ಯಾಹ್ನ ಊಟ ತಡವಾಯಿತು. ಸಿಂಕಿನ ಕೆಳಗೆ ಸೋರುವ ಪೈಪು ಸರಿಮಾಡಿಸಲಾಯಿತು. ಎಂಜಲು ಪಾತ್ರೆ ರಾತ್ರಿಗೆ ಬಿಡುವ ಅರ್ಜಿದಾರಳ ಅಭ್ಯಾಸವನ್ನು ನಿಲ್ಲಿಸಲಾಯಿತು (ಬಲವಂತವಾಗಿ). ಅಂಗಡಿಯಿಂದ ಜೆಲ್ ತಂದು ಮೂಲೆಮೂಲೆಗೆ ಚುಕ್ಕಿ ಇಟ್ಟದ್ದರಿಂದ ಕೆಳಗಿನವು ಸತ್ತವು. ಆದರೆ ಮೇಲಿನಿಂದ ಹೊಸಬರು ಇಳಿಯುತ್ತಲೇ ಇದ್ದಾರೆ. ಬಾಗಿಲ ಹಿಂದಿರುವ ಡ್ಯಾಡಿಯ ಚಪ್ಪಲಿಯನ್ನು ಆಯುಧವಾಗಿ ಬಳಸಲು ಅನುಮತಿ ಕೋರಿದಾಗ, "ಅದು ಮುಟ್ಟಬೇಡ. ಬಂದರೆ ಅವರಿಗೆ ಹಾಕ್ಲಿಕ್ಕೆ ಬೇಕು" ಎಂದು ತಿರಸ್ಕರಿಸಲಾಗಿದೆ.

3. ಮೇಲೆ ಏನಿದೆ.

ಮೇಲೆ ಅಟ್ಟ. ಅಟ್ಟದಲ್ಲಿ ಡ್ಯಾಡಿ ಕಾರ್ಗೋದಲ್ಲಿ ಕಳಿಸಿದ ರಟ್ಟಿನ ಬಾಕ್ಸುಗಳು, ಖಾಲಿ, ಹಗ್ಗ ಸಮೇತ. ಡ್ಯಾಡಿ ಕೊನೆಯ ಸಲ ಬಂದದ್ದು ಅರ್ಜಿದಾರಳು ಪ್ಲಸ್ ವನ್‌ನಲ್ಲಿ (ತಮ್ಮ ಕಡೆಯ ಫಸ್ಟ್ ಪಿಯುಸಿ) ಇದ್ದಾಗ. ಆಮೇಲೆ ಪ್ರತಿ ಸಲ ತಾವು ರಜೆ ರದ್ದು ಮಾಡಿದಾಗಲೂ ಡ್ಯಾಡಿ ಬೇಜಾರಿಗೆ ಒಂದು ಬಾಕ್ಸ್ ಕಳಿಸುತ್ತಾರೆ: ಹಾಲಿನ ಪುಡಿ, ಪಿಸ್ತಾ, ಸೋಪು, ಅರ್ಜಿದಾರಳಿಗೆ ಸರಿಯಾಗದ ಅಳತೆಯ ಜೀನ್ಸ್. ಅಂದರೆ, ರಜೆ ಇಲ್ಲದ ಕಾರಣ ಬಾಕ್ಸ್; ಬಾಕ್ಸ್ ಇರುವ ಕಾರಣ ಜಿರಳೆ. ಆದ್ದರಿಂದ ಸದರಿ ಜಿರಳೆಗಳ ಮೂಲ ತಮ್ಮ ಕಚೇರಿಯೇ ಎಂದು ಗೌರವಪೂರ್ವಕವಾಗಿ ತಿಳಿಸಲಾಗಿದೆ.

4. ಹಾಗಾದರೆ ಬಾಕ್ಸ್ ಬಿಸಾಡಬಾರದೇ?

ಬಿಸಾಡಬಾರದು. ಕೊರೋನಾದ ವರ್ಷ ಮಮ್ಮಿ ಒಂದು ಬಾಕ್ಸನ್ನು ಗುಜರಿಯವನಿಗೆ ಕೊಟ್ಟಿದ್ದರು. ಮರುವಾರವೇ ವಿಮಾನ ನಿಂತಿತು. ಟಿಕೆಟ್ ಆಗಿದ್ದ ಡ್ಯಾಡಿ ಅಲ್ಲಿಯೇ ಉಳಿದರು.

"ಮಮ್ಮಿ, ವಿಮಾನ ನಿಂತದ್ದು ಇಡೀ ಪ್ರಪಂಚದಲ್ಲಿ" ಎಂದು ಅರ್ಜಿದಾರಳು ವಿವರಿಸಿದ್ದಾಳೆ.

"ಪ್ರಪಂಚದವರು ಎಂತ ಬಿಸಾಡಿದ್ರೋ ನನಗೆ ಗೊತ್ತಿಲ್ಲ. ನಾನು ಬಿಸಾಡಿದ್ದು ಬಾಕ್ಸ್."

5. ಪ್ರಾರ್ಥನೆ ದಿನದ ಘಟನೆ.

ಕಳೆದ ಭಾನುವಾರ ಇಗರ್ಜಿಯ ನಮ್ಮ ವಾರ್ಡಿನವರೆಲ್ಲ ಮನೆಗೆ ಬಂದು ಜಪಮಾಲೆ ಹಿಡಿದು ತೇರ್ಸ ಹೇಳುತ್ತಿರುವಾಗ, ಒಂದು ಜಿರಳೆ ದೇವರ ಪೀಠದ ಬಿಳಿ ಬಟ್ಟೆಯ ಮೇಲೆ ಮೆರವಣಿಗೆ ಹೊರಟಿತು. ಎಲ್ಲರ ಕಣ್ಣು ಮುಚ್ಚಿತ್ತು. ಅರ್ಜಿದಾರಳು "ಈಶ್!" ಎಂದದ್ದನ್ನು ಭಕ್ತಿಯೆಂದು ಭಾವಿಸಿ ಪಕ್ಕದ ಅಜ್ಜಿ ತಲೆ ಸವರಿದರು. ಎಲ್ಲರೂ ಹೋದ ಮೇಲೆ ವಿಚಾರಣೆ ನಡೆಯಿತು.

"ಪ್ರಾರ್ಥನೆಯಲ್ಲಿ ಕಣ್ಣು ಬಿಡುವುದು ಎಂತಕ್ಕೆ ನೀನು?"

"ನಾನು ಬಿಟ್ಟದ್ದು ನಿಮಗೆ ಹೇಗೆ ಗೊತ್ತಾಯ್ತು?"

ಮಮ್ಮಿ ಪೀಠದ ಬಟ್ಟೆ ಒಗೆಯಲು ಹೋದರು.

ಅದೇ ದಿನ ವಿಡಿಯೋ ಕಾಲ್‌ನಲ್ಲಿ ಅರ್ಜಿದಾರಳು ಡ್ಯಾಡಿಗೆ ದೂರು ಕೊಟ್ಟಳು. ಡ್ಯಾಡಿ ಬಹಳ ನಗಾಡಿದರು.

"ಬಿಸಾಡು ಆನಿ ಆ ಬಾಕ್ಸೆಲ್ಲ. ನಾನು ಎಲ್ಲಿಗೆ ಹೋಗ್ತೇನೆ?"

"ಹೋಗುವುದಲ್ಲ ಬೆನ್ನಿ," ಎಂದರು ಮಮ್ಮಿ, "ಬರುವುದು."

ಡ್ಯಾಡಿ ನಗು ನಿಲ್ಲಿಸಿ ನೆಟ್‌ವರ್ಕ್ ಸರಿಯಿಲ್ಲ ಎಂದರು. ಅರ್ಜಿದಾರಳು ಪರಿಶೀಲಿಸಿದಂತೆ ನೆಟ್‌ವರ್ಕ್ ಸರಿಯಾಗಿಯೇ ಇತ್ತು.

ಅಂದು ಮಮ್ಮಿ ಸ್ಟೂಲ್ ಹತ್ತಿ ಬಾಕ್ಸುಗಳ ಧೂಳು ಒರೆಸಿದರು. ಡ್ಯಾಡಿ ಮಾರ್ಕರಿನಲ್ಲಿ ದೊಡ್ಡದಾಗಿ ಮಮ್ಮಿಯ ಹೆಸರು ಬರೆದ ಬದಿಯನ್ನು ಎದುರಿಗೆ ತಿರುಗಿಸಿಟ್ಟರು. ಒಂದು ಜಿರಳೆ ಅವರ ಕೈಮೇಲೆ ಓಡಿತು. ಅರ್ಜಿದಾರಳಾದರೆ ಸ್ಟೂಲಿನಿಂದ ಬೀಳುತ್ತಿದ್ದಳು. ಮಮ್ಮಿ ಕೈ ಕೊಡವಿ, "ಇರಲಿ, ಇನ್ನು ಸ್ವಲ್ಪ ದಿನ" ಎಂದರು. ಜಿರಳೆಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ದಾಖಲೆಯಿಲ್ಲ.

6. ಪ್ರಾರ್ಥನೆ (ಇದು ತಮ್ಮಲ್ಲಿ).

ಡ್ಯಾಡಿ ಬಂದು ಮನೆಯೊಳಗೆ ಕಾಲಿಟ್ಟ ಕ್ಷಣ ಬಾಕ್ಸುಗಳನ್ನು ಬಿಸಾಡಲು ಮಮ್ಮಿ ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಬೇರೆ ಯಾವ ಔಷಧಿಯೂ ನಾಟದ ಕಾರಣ, ಔಷಧಿ ತಮ್ಮ ಸ್ಟೋರಿನಲ್ಲಿಯೇ ದಾಸ್ತಾನಿರುವ ಕಾರಣ, ಹಾಗೂ ಕ್ರಿಸ್ಮಸ್ ಹತ್ತಿರ ಬಂದಿರುವ ಕಾರಣ, ಅದನ್ನು ಒಂದು ತಿಂಗಳ ಮಟ್ಟಿಗೆ ಕುಂಬಳೆಗೆ ಬಿಡುಗಡೆ ಮಾಡಬೇಕಾಗಿ ವಿನಂತಿ. ಬರುವಾಗ ಟ್ರಾಲಿ ಬ್ಯಾಗ್ ಮಾತ್ರ ತರತಕ್ಕದ್ದೆಂದು ತಾವೇ ಲಿಖಿತ ಆದೇಶ ಕೊಡಬೇಕು; ಮನೆಯವರ ಮಾತು ಅವರು ಕೇಳುವುದಿಲ್ಲ.

ಈ ಅರ್ಜಿಯ ವಿಷಯ ಡ್ಯಾಡಿಗಾಗಲಿ ಮಮ್ಮಿಗಾಗಲಿ ಗೊತ್ತಿಲ್ಲ. ರಜೆ ಕೊಟ್ಟರೆ ತಾವೇ ಯೋಚಿಸಿ ಕೊಟ್ಟದ್ದೆಂದು ಹೇಳಬಹುದು, ಅರ್ಜಿದಾರಳ ಆಕ್ಷೇಪವಿಲ್ಲ.

ತಮ್ಮ ವಿಶ್ವಾಸಿ (ಸಕ್ಕರೆ ಡಬ್ಬಿಯ ಮೇಲೆ ವಿಶ್ವಾಸ ಹೋಗಿದೆ),
ರೀಮಾ

ಲಗತ್ತುಗಳು:
1. ಜಿರಳೆಯ ಫೋಟೋ (ಮಸುಕಾಗಿದೆ; ತೆಗೆದವಳು ಓಡುತ್ತಿದ್ದಳು).
2. ಸೌಮ್ಯಶ್ರೀಯ ದೃಢೀಕರಣ, ವಾಯ್ಸ್ ಮೆಸೇಜ್ ರೂಪದಲ್ಲಿ. ಕೊನೆಯ ನಗು ಲೆಕ್ಕಕ್ಕಿಲ್ಲ.
3. ಬಾಗಿಲ ಹಿಂದಿನ ಚಪ್ಪಲಿಯ ಫೋಟೋ.

ವಿ.ಸೂ.: ಈ ಸಲವೂ ರಜೆ ಇಲ್ಲವೆಂದಾದರೆ, ಡ್ಯಾಡಿ ಬಾಕ್ಸ್ ಕಳಿಸದಂತೆ ದಯವಿಟ್ಟು ತಡೆಯಬೇಕು. ಅಟ್ಟದಲ್ಲಿ ಜಾಗ ಮುಗಿದಿದೆ.