ಫೋನಿನಲ್ಲಿ ಬಿದ್ದ ಮಳೆ

ಲೆಕ್ಕ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಸಸ್ಯಶಾಸ್ತ್ರ ಓದಿದವರು ಈ ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ, ನಾನಂತೂ ಒಬ್ಬಳು. ಎಲೆ, ಹೂವು, ಬೇರುಗಳ ನಡುವೆ ಗುಣಾಕಾರ ಭಾಗಾಕಾರದ ಕಾಟ ಇರುವುದಿಲ್ಲ, ಇದ್ದರೂ ದಳಗಳನ್ನು ಎಣಿಸುವಷ್ಟರಲ್ಲಿ ಮುಗಿದುಹೋಗುತ್ತದೆ ಎಂದು ನಂಬಿದ್ದೆ. ಹಾಗೆ ಓದಿ, ಆಲೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಹಿಡಿದು, ಹದಿನೈದು ವರ್ಷ ಸಂಖ್ಯೆಗಳ ಕಣ್ಣಿಗೆ ಬೀಳದೆ ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಪರಿಸರ ವಿಜ್ಞಾನ ಎಂಬ ಹೊಸ ವಿಷಯ ಬಂತು. ಅದನ್ನು ಕಲಿಸುವವರು ಒಂದು ವರ್ಷದ ಅಂಚೆ ಕೋರ್ಸು ಮುಗಿಸಿರಬೇಕು ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಹೇಳಿದಾಗ ಉಳಿದವರೆಲ್ಲ ಕಿಟಕಿಯಾಚೆ ನೋಡತೊಡಗಿದರು. ನಾನು ಕಾಫಿ ಕುಡಿಯುತ್ತಿದ್ದುದರಿಂದ ಕಿಟಕಿಯ ಕಡೆ ತಿರುಗುವುದು ಸ್ವಲ್ಪ ತಡವಾಯಿತು.

ಅಂಚೆಯಲ್ಲಿ ಬಂದ ಮೊದಲ ಪುಸ್ತಕದಲ್ಲಿ ಗಿಡವೂ ಇರಲಿಲ್ಲ, ಹೊಳೆಯೂ ಇರಲಿಲ್ಲ. ಇದ್ದದ್ದು ಬರೀ ಸಂಖ್ಯಾಶಾಸ್ತ್ರ. ನನ್ನ ಗಂಡ ಅದನ್ನು ತಿರುವಿಹಾಕಿ, "ಪರಿಸರ ಎಲ್ಲಿದೆ ಇದ್ರಲ್ಲಿ? ರಟ್ಟಿನ ಮೇಲೆ ಒಂದು ಮರದ ಚಿತ್ರ ಇದೆ ಅಷ್ಟೆ" ಎಂದು ವಾಪಸು ಕೊಟ್ಟರು. ಎರಡನೇ ಅಧ್ಯಾಯದಲ್ಲೇ ರಿಗ್ರೆಶನ್ ಎಂಬುದೊಂದು ಎದುರಾಯಿತು. ಚುಕ್ಕೆಗಳ ನಡುವೆ ಒಂದು ಗೆರೆ ಎಳೆದು, ಅದರಿಂದ ಮುಂದಿನದನ್ನು ಊಹಿಸುವ ವಿದ್ಯೆ ಅದು. ಚುಕ್ಕೆ, ಗೆರೆ ಎಂದ ಕೂಡಲೇ ನನಗೆ ಧೈರ್ಯ ಬಂತು. ಎಷ್ಟು ವರ್ಷದಿಂದ ಬಾಗಿಲಿಗೆ ರಂಗೋಲಿ ಹಾಕುತ್ತಾ ಬಂದವಳು ನಾನು! ಆದರೆ ರಂಗೋಲಿಯಲ್ಲಿ ಗೆರೆ ಎಲ್ಲಿ ಹೋಗಬೇಕೋ ನೋಡಿಕೊಂಡು ಚುಕ್ಕೆ ಇಡುತ್ತೇವೆ, ಇಲ್ಲಿ ಚುಕ್ಕೆ ಎಲ್ಲಿ ಬಿದ್ದಿದೆಯೋ ಅದನ್ನು ನೋಡಿಕೊಂಡು ಗೆರೆ ಹೋಗಬೇಕು. ಈ ವ್ಯತ್ಯಾಸ ನನ್ನ ತಲೆಗೆ ಹತ್ತಿತ್ತು, ಕೈಗೆ ಹತ್ತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕೋರ್ಸಿಗೆ ಒಂದು ವರದಿ ಬರೆಯಬೇಕಿತ್ತು. ಆಲೂರಿನಿಂದ ಹೆತ್ತೂರಿನವರೆಗೆ ಜಾಗ ಎತ್ತರವಾದಂತೆ ಮಳೆ ಎಷ್ಟು ಹೆಚ್ಚುತ್ತದೆ ಎಂಬ ವಿಷಯ ಆರಿಸಿಕೊಂಡೆ. ಆರಿಸಿಕೊಂಡದ್ದಕ್ಕೆ ಕಾರಣ ವಿಜ್ಞಾನವಲ್ಲ, ಸೋಮಾರಿತನ. ನನ್ನ ತವರು ಹೆತ್ತೂರಿನ ಕಡೆ. ಅಪ್ಪನಿಗೆ ಅಲ್ಲಿ ಸಣ್ಣದೊಂದು ಕಾಫಿ ತೋಟ, ಅಂಗಳದಲ್ಲಿ ಮಳೆ ಅಳೆಯುವ ಗೇಜು. ಪಕ್ಕದ ಎಸ್ಟೇಟಿನ ಸಿರಿಲ್ ಅಂಕಲ್ ಅವರಲ್ಲೂ ಒಂದು. ಅವರ ಹಿರಿಯರು ಮಂಗಳೂರಿನ ಕಡೆಯಿಂದ ಬಂದವರು, ಮಾತಿನಲ್ಲಿ ಇನ್ನೂ ಸಮುದ್ರ ಬಿಟ್ಟಿಲ್ಲ. ಸಕಲೇಶಪುರದ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ ಮೂರನೆಯದು, ಪಾಳ್ಯದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ನಾಲ್ಕನೆಯದು. ಐದನೆಯದನ್ನು ನಮ್ಮ ಮನೆಯ ತಾರಸಿಯ ಮೇಲೆ ನಾನೇ ಇಟ್ಟೆ. ಬೆಳಗ್ಗೆ ಕಾಲೇಜಿಗೆ ಹೊರಡುವ ಮುಂಚೆ ನಾಲ್ಕು ಫೋನು ಮಾಡಿ, ನಾಲ್ಕು ಅಂಕಿ ಬರೆದುಕೊಂಡು, ಕೊನೆಗೆ ನನ್ನದೊಂದು ಸೇರಿಸಿದರೆ ಆಯಿತು. ಫೋನಿನ ಲೈನು ಯಾವುದು ಮೊದಲು ಸಿಗುತ್ತದೋ ಅದು ಮೊದಲು. ಏನೂ ಬಿಡದೆ ಎಲ್ಲವನ್ನೂ ಬರೆಯಿರಿ ಎಂದು, ವರದಿಗೆ ದಾರಿ ತೋರಿಸಲು ಕೋರ್ಸಿನವರು ಗೊತ್ತುಮಾಡಿದ್ದ ಹಾಸನದ ಗೈಡು ಹೇಳಿದ್ದರಿಂದ ಫೋನು ಮಾಡಿದ ಹೊತ್ತನ್ನೂ ಬರೆದಿಟ್ಟೆ.

ಕಾಫಿ ಬೆಳೆಯುವವರ ಮನೆಗೆ ಬೆಳಗ್ಗೆ ಫೋನು ಮಾಡಿದರೆ ಯಾರೂ ಕ್ಷೇಮ ಸಮಾಚಾರ ಕೇಳುವುದಿಲ್ಲ. "ನಿಮ್ಮಲ್ಲೆಷ್ಟು?" ಎನ್ನುತ್ತಾರೆ. ಉತ್ತರ ಸೆಂಟಿನಲ್ಲಿ ಬರುತ್ತದೆ, ನೂರು ಸೆಂಟು ಸೇರಿದರೆ ಒಂದು ಇಂಚು ಮಳೆ. ಮಾರ್ಚಿನಲ್ಲಿ ಹೂಮಳೆ ಬಿದ್ದ ಮರುದಿನವಂತೂ ಈ ಸೆಂಟುಗಳ ಮೇಲೆ ಮನೆತನದ ಮಾನವೇ ನಿಂತಿರುತ್ತದೆ. ಆ ಮಳೆ ಬಿದ್ದರೆ ಗಿಡ ಹೂವಾಗುತ್ತದೆ, ಬೀಳದಿದ್ದರೆ ವರ್ಷವೇ ಹೋಯಿತು. ನನಗೋ ಸುಮ್ಮನೆ ಅಂಕಿ ಕೇಳಿ ಫೋನಿಡುವುದು ಒರಟುತನ ಎನಿಸುತ್ತಿತ್ತು. ಹಾಗಾಗಿ "ಅಂಕಲ್, ಅಪ್ಪನ ಗೇಜಲ್ಲಿ ನಲವತ್ತಂತೆ" ಎಂದು ಒಂದು ಮಾತು ಸೇರಿಸುತ್ತಿದ್ದೆ.

"ನಲವತ್ತಾ ಮಾರಾಯ್ತಿ? ನಮ್ಮಲ್ಲಿ ನಲವತ್ತೈದು ಉಂಟು, ಬರ್ಕೋ" ಎನ್ನುತ್ತಿದ್ದರು ಸಿರಿಲ್ ಅಂಕಲ್. ಮರುದಿನ ಅವರ ಲೈನು ಮೊದಲು ಸಿಕ್ಕರೆ ಅಪ್ಪ, "ಸಿರಿಲ್‌ಗೆ ಮೂವತ್ತಾ? ನಮ್ಗೆ ಮೂವತ್ತಾರ್ ಬಂದೈತೆ ಕಣವ್ವ" ಎನ್ನುತ್ತಿದ್ದರು. ನಾನು ಖುಷಿಯಿಂದ ಬರೆದುಕೊಳ್ಳುತ್ತಿದ್ದೆ.

ವರ್ಷ ತುಂಬಿತು. ಹಾಸನದಲ್ಲಿ ಗೈಡು ನನ್ನ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು ಎತ್ತರದ ಗೆರೆ ಎಳೆದರು. ಚುಕ್ಕೆಗಳು ಗೆರೆಯ ಹತ್ತಿರವೂ ಸುಳಿಯಲಿಲ್ಲ. ಘಟ್ಟದಿಂದ ಎಷ್ಟು ದೂರ ಎಂಬುದನ್ನು ಹಾಕಿದರು, ಅದೂ ಆಗಲಿಲ್ಲ. ಬಹಳ ಸೌಮ್ಯ ಮನುಷ್ಯ, ನನ್ನ ಮುಖ ನೋಡಿ ಪಾಪ ಎನಿಸಿರಬೇಕು, ಉಳಿದಿದ್ದ ಫೋನಿನ ಹೊತ್ತಿನ ಕಾಲಮ್ಮನ್ನೂ ಹಾಕಿದರು. ಚುಕ್ಕೆಗಳು ಸಾಲಾಗಿ ಬಂದು ಗೆರೆಯ ಮೇಲೆ ಕುಳಿತವು. ಯಾರಿಗೆ ಆಮೇಲೆ ಫೋನು ಮಾಡಿದ್ದೇನೋ ಅವರ ತೋಟದಲ್ಲಿ ಹೆಚ್ಚು ಮಳೆ. ಕಣದಲ್ಲಿ ಕಾಫಿ ಒಣಗುವ, ಮಳೆ ಯಾರಿಗೂ ಬೇಡದ ಡಿಸೆಂಬರಿನಲ್ಲಿ ಮಾತ್ರ ಇದು ಉಲ್ಟಾ, ಯಾರಿಗೆ ಆಮೇಲೆ ಮಾಡಿದ್ದೇನೋ ಅವರಲ್ಲಿ ಕಡಿಮೆ ಮಳೆ.

"ಮೇಡಂ, ನಿಮ್ಮ ಕಡೆ ಮಳೆ ಫೋನಿನ ತಂತಿಯಲ್ಲಿ ಬರುತ್ತಾ?" ಎಂದು ಕೇಳಿದರು ಗೈಡು. ಅವರು ನಗದೆ ಕೇಳಿದ್ದರಿಂದ ನನಗೆ ಇನ್ನೂ ಅವಮಾನವಾಯಿತು. ತಿಂಗಳ ಕೊನೆಯೊಳಗೆ ವರದಿ ಕೊಡದಿದ್ದರೆ ಇನ್ನೊಂದು ವರ್ಷದ ಮಳೆಯನ್ನು ಮೊದಲಿನಿಂದ ಅಳೆಯಬೇಕಿತ್ತು.

ಸಿಟ್ಟೆಲ್ಲ ಅಪ್ಪನ ಮೇಲೆ ತಿರುಗಿತು. ಚಿಕ್ಕಂದಿನಲ್ಲಿ ಒಂದು ಸುಳ್ಳು ಹೇಳಿದ್ದಕ್ಕೆ ನನ್ನನ್ನು ಅರ್ಧ ದಿನ ಮಾತಾಡಿಸದೆ ಕೂರಿಸಿದ್ದ ಮನುಷ್ಯ, ಹೆತ್ತ ಮಗಳ ವರದಿಗೆ ಪಕ್ಕದವರಿಗಿಂತ ಆರು ಸೆಂಟು ಹೆಚ್ಚು ಹೇಳುವುದೆಂದರೇನು? ಕರಡಿನಲ್ಲಿ 'ಒಂದನೇ ವೀಕ್ಷಕರ ಅಳತೆ ನಂಬಲರ್ಹವಲ್ಲ' ಎಂದು ಖಡಕ್ಕಾಗಿ ಬರೆದೆ. ಒಂದನೇ ವೀಕ್ಷಕರೆಂದರೆ ಅಪ್ಪ. ಅವರು ಆಗಲೇ ನೆಂಟರಿಷ್ಟರಿಗೆಲ್ಲ, "ನಮ್ ಮಳೆ ಪುಸ್ತಕದಾಗೆ ಬತ್ತದೆ, ಮಗ ಬರಿತಾವ್ಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಇದನ್ನು ನೆನೆದಾಗಲೆಲ್ಲ ಆ ವಾಕ್ಯ ಹೊಡೆದುಹಾಕುತ್ತಿದ್ದೆ, ಗೈಡಿನ ಮುಖ ನೆನೆದಾಗಲೆಲ್ಲ ಮತ್ತೆ ಬರೆಯುತ್ತಿದ್ದೆ. ಕೊನೆಗೆ ಭಾನುವಾರ ಹೆತ್ತೂರಿನ ಬಸ್ಸು ಹತ್ತಿದೆ.

ಅಪ್ಪ ಎಲ್ಲ ಕೇಳಿಸಿಕೊಂಡರು. ಒಳಗೆ ಹೋಗಿ ಒಂದು ಹಳೇ ನೋಟ್‌ಬುಕ್ಕು ತಂದು ನನ್ನ ಮುಂದಿಟ್ಟರು. ದಿನಕ್ಕೊಂದು ಸಾಲು, ಪೆನ್ಸಿಲಿನಲ್ಲಿ. ನನಗೆ ಮೂವತ್ತಾರು ಎಂದಿದ್ದ ದಿನ ಅದರಲ್ಲಿ ಇಪ್ಪತ್ತೆಂಟು ಇತ್ತು. ಹಿಂದಿನ ವರ್ಷಗಳದ್ದು ಕಪಾಟಿನಲ್ಲಿ ಸಾಲಾಗಿದ್ದವು, ಒಂದು ದಿನವೂ ತಪ್ಪಿರಲಿಲ್ಲ. ಅಮ್ಮನಿಗೆ ಹೆರಿಗೆ ನೋವು ಬಂದು ಆಸ್ಪತ್ರೆಗೆ ಓಡಿದ ದಿನದ ಮಳೆಯೂ ಇತ್ತು. ಅಂದರೆ ನಾನು ಹುಟ್ಟಿದ ದಿನದ ಮಳೆ.

"ಮತ್ತೆ ಫೋನಲ್ಲಿ ಯಾಕಪ್ಪ ಹಂಗಂದ್ರಿ?" ಎಂದೆ.

"ಫೋನಾಗೆ ಆಡಾದು ಮಾತು ಕಣವ್ವ. ಸಿರಿಲ್‌ಗೆ ಮೂವತ್ತು ಅಂತ ನೀನೇ ಅಂದ್ಮೇಲೆ ನಾನ್ ಇಪ್ಪತ್ತೆಂಟು ಅನ್ನಾಕಾಯ್ತದಾ? ಬುಕ್ಕಿಗೆ ಅಂಗೆಲ್ಲ ಬರಿಯಾಕಾಗಲ್ಲ. ನೀನ್ ಬುಕ್ಕು ಕೇಳಿದ್ರೆ ಬುಕ್ಕೇ ಕೊಡ್ತಿದ್ದೆ. ಎಷ್ಟು ಅಂತ ಕೇಳ್ದೆ, ಹೇಳ್ದೆ."

ನನಗೆ ನಾಚಿಕೆಯಾಯಿತು. ಒಂದು ಮನೆಯ ಅಂಕಿಯನ್ನು ಇನ್ನೊಂದು ಮನೆಗೆ ದಿನಾ ಬೆಳಗ್ಗೆ ಒಯ್ದು ಮುಟ್ಟಿಸಿದವಳು ನಾನೇ ಅಲ್ಲವೇ? ಪಕ್ಕಕ್ಕೆ ಹೋಗಿ ನೋಡಿದರೆ ಸಿರಿಲ್ ಅಂಕಲ್ ಅವರಲ್ಲೂ ಪುಸ್ತಕವಿತ್ತು. "ದೇವರ ಎದುರು ಸುಳ್ಳು ಹೇಳಬಹುದು ಮಾರಾಯ್ತಿ, ಗೇಜಿನ ಪುಸ್ತಕದಲ್ಲಿ ಆಗುದಿಲ್ಲ" ಎಂದು ನಗುತ್ತಾ ಕೈಗಿತ್ತರು. ಚಿಕ್ಕಮ್ಮನ ಮನೆಯಲ್ಲೂ, ಮೇಷ್ಟ್ರ ಮನೆಯಲ್ಲೂ ಅದೇ ಕಥೆ. ನಾಲ್ಕೂ ಪುಸ್ತಕ ಹೊತ್ತು ಹಾಸನಕ್ಕೆ ಓಡಿದೆ.

ಈ ಸಲ ಎತ್ತರದ ಗೆರೆ ಎಳೆದರೆ ಪಾಳ್ಯ, ಸಕಲೇಶಪುರ, ಅಪ್ಪ, ಅಂಕಲ್ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಬಂದು ಕುಳಿತರು. ಒಂದು ಗೇಜಿನ ಚುಕ್ಕೆಗಳು ಮಾತ್ರ ಗೆರೆಯಿಂದ ಎಲ್ಲೋ ಮೇಲೆ ತೇಲುತ್ತಿದ್ದವು. ಗೈಡು ಪೆನ್ನಿನ ತುದಿಯಿಂದ ತೋರಿಸಿ, "ಈ ಆಲೂರಿನ ಗೇಜು ಯಾರದ್ದು? ಇವರ ಪುಸ್ತಕ ತರಲಿಲ್ಲವೇ?" ಎಂದರು.

ಇವರ ಪುಸ್ತಕ ಇರಲಿಲ್ಲ. ನಾಲ್ಕು ಫೋನು ಮುಗಿಸುವಷ್ಟರಲ್ಲಿ ನನಗೆ ಮೊದಲ ಗಂಟೆಯ ಕ್ಲಾಸಿಗೆ ಹೊತ್ತಾಗಿರುತ್ತಿತ್ತು. ತಾರಸಿ ಹತ್ತುವುದೆಂದರೆ ಸೀರೆ ನೆನೆಯುತ್ತದೆ. ಹೆತ್ತೂರಲ್ಲಿ ಅಷ್ಟಾದರೆ ನಮ್ಮಲ್ಲಿ ಇಷ್ಟಾಗಿರಬೇಕು ಎಂದು ಮೆಟ್ಟಿಲ ಕೆಳಗೆ ನಿಂತೇ ಬರೆಯುತ್ತಿದ್ದೆ. ಆಲೂರೂ ತೀರಾ ಕಡಿಮೆಯಲ್ಲ ಎಂದು ಒಂದೈದು ಸೆಂಟು ಮೇಲಕ್ಕೆ. ಗೈಡಿಗೆ ಇದನ್ನೆಲ್ಲ ವಿವರಿಸಲಿಲ್ಲ. "ಯಾರೋ ಗೊತ್ತಿರೋರು ಸರ್" ಎಂದೆ. "ಇವರನ್ನು ಬಿಟ್ಟುಬಿಡಿ, ಉಳಿದವರು ಬಹಳ ಪ್ರಾಮಾಣಿಕರು" ಎಂದರು ಗೈಡು.

ವರದಿ ಪಾಸಾಯಿತು. ಒಂದು ಪ್ರತಿಯನ್ನು ಅಪ್ಪನಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ತಮ್ಮ ಗೇಜಿನ ಪುಟವನ್ನು ಎರಡೆರಡು ಸಲ ನೋಡಿ, ಆಮೇಲೆ ಬೆರಳು ಮಡಿಸಿ ಎಣಿಸಿದರು.

"ಐದು ಗೇಜು ಅಂದಿದ್ದೆ, ಇದ್ರಾಗೆ ನಾಲ್ಕೇ ಅವೆ. ನಿಂದೆಲ್ಲವ್ವ?"

"ನಮ್ಮ ಗೇಜು ಕೆಟ್ಟೋಗಿತ್ತಪ್ಪ" ಎಂದೆ.

ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಒಂದು ಲಾಳಿಕೆ, ಒಂದು ಬಾಟ್ಲು" ಎಂದರು. "ಅದ್ರಾಗೆ ಕೆಡಾಕೆ ಏನೈತೆ?"